ಆರು ಅಂಕಿ ಓದುವ ಹೊತ್ತು

ಜೂನ್ ೫, ಗುರುವಾರ

ಇವರ ಕಂಪನಿ ಜನವರಿಯಲ್ಲಿ ಕೊಟ್ಟ ಡೈರಿ ಇದು. ಇಷ್ಟು ದಿನ ಟಿವಿಯ ಹಿಂದೆ ಧೂಳು ತಿನ್ನುತ್ತಿತ್ತು. ಇವತ್ತು ತೆಗೆದೆ, ಯಾಕೆಂದರೆ ಮನಸ್ಸಿನಲ್ಲಿದ್ದದ್ದನ್ನು ಇವರ ಮುಂದೆ ಹೇಳಿದರೆ ‘ನಿನಗ ಹೊಟ್ಟಿಕಿಚ್ಚು’ ಎನ್ನುತ್ತಾರೆ. ಹೊಟ್ಟೆಕಿಚ್ಚೇ, ಇಲ್ಲವೆಂದವರಾರು? ನನ್ನ ಹೊಟ್ಟೆ, ನನ್ನ ಕಿಚ್ಚು.

ವಿಜಯಶ್ರೀ ನನ್ನ ಮಗಳು ಪಿಂಕಿಗೆ ಹೊಸ ಫೋನು ಕೊಡಿಸಿದ್ದಾಳೆ. ನನ್ನ ಮೈದುನ ಶಾಂತಕುಮಾರನ ಹೆಂಡತಿ, ನನ್ನ ನೆಗೆಣ್ಣಿ, ಮಾದಾಪುರದ ಆಫೀಸಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮುಗಳ ತಪ್ಪು ಹುಡುಕುವ ಕೆಲಸ ಅವಳದು. ಬೇರೆಯವರ ತಪ್ಪು ಹುಡುಕಿದರೆ ಪಗಾರ ಕೊಡುತ್ತಾರೆಂದು ನನಗೆ ಗೊತ್ತಿದ್ದರೆ ನಾನೂ ಓದುತ್ತಿದ್ದೆ.

ಪಿಂಕಿ ಅವರ ಮನೆಯಲ್ಲಿ ಇರತೊಡಗಿ ಮೂರು ವಾರವಾಯಿತು. ಬಿ.ಎಸ್ಸಿ ಮುಗಿಸಿ ಮಾದಾಪುರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಆರು ತಿಂಗಳು ತರಬೇತಿಗೆ ಸೇರಿದ್ದಾಳೆ. ಬೆಳಗಿನ ಆರೂವರೆಗೇ ಪಾಳಿ. ನಾವಿರುವುದು ಊರಿನ ಇನ್ನೊಂದು ತುದಿಯಲ್ಲಿ. ಉಪ್ಪಲ್‌ನಿಂದ ಮೊದಲನೆಯ ಮೆಟ್ರೋ ಹಿಡಿದರೂ ಮುಟ್ಟುವುದಿಲ್ಲ. ‘ಕಾಕಾನ ಮನ್ಯಾಗ ಇರಲಿ’ ಎಂದು ನಾನೇ ನನ್ನ ಬಾಯಿಂದ ಹೇಳಿ ಕಳಿಸಿದೆ. ಅವಳು ಹೋದ ವಾರಕ್ಕೇ ಚಹಾ ಬಿಟ್ಟು ಕಾಫಿ ಹಿಡಿದಳು.

ಪಿಂಕಿಯ ಹಳೆಯ ಫೋನು ನನ್ನ ಪಾಲಿಗೆ ಬಂತು. ‘ನನ್ನವೆಲ್ಲಾ ತಗದೀನವ್ವಾ, ಈಗ ಇದು ನಿಂದು’ ಎಂದು ಅಪ್ಪನ ಕೈಯಲ್ಲಿ ಕಳಿಸಿದ್ದಾಳೆ. ಇವರು ಕೂತು ಅಲಾರಾಂ ಇಟ್ಟುಕೊಟ್ಟರು. ಮನೆಯ ಎಲ್ಲ ಗಡಿಯಾರಗಳ ಹಾಗೆ ಅದನ್ನೂ ಹತ್ತು ನಿಮಿಷ ಮುಂದೆ ಮಾಡಿದರು. ಜೀಡಿಮೆಟ್ಲಾಕ್ಕೆ ಹೋಗುವ ಇವರ ಕಂಪನಿ ಬಸ್ಸು ಉಪ್ಪಲ್ ರಿಂಗ್ ರೋಡಿಗೆ ಬೆಳಗಿನ ಐದು ನಲವತ್ತಕ್ಕೆ ಬರುತ್ತದೆ, ಯಾರಿಗೂ ಕಾಯುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇವರಿಗೆ ಒಮ್ಮೆ ತಪ್ಪಿತ್ತು. ಅಂದಿನಿಂದ ಹತ್ತೊಂಬತ್ತು ವರ್ಷ ನಮ್ಮ ಮನೆ ಊರಿಗಿಂತ ಹತ್ತು ನಿಮಿಷ ಮುಂದೆಯೇ ಬದುಕುತ್ತಿದೆ.

ಜೂನ್ ೭, ಶನಿವಾರ

ಸಂಜೆ ಏಳಕ್ಕೆ ಪಿಂಕಿ ಫೋನು ಮಾಡಿದಳು. ವಾರದ ಮೇಲೆ ಮೊದಲನೆಯ ಸಲ. ಕ್ಷೇಮ ಸಮಾಚಾರ ಇಲ್ಲ, ಊಟವಾಯಿತೇ ಎಂಬುದಿಲ್ಲ.

“ಅವ್ವಾ, ನಿನ್ನ ಫೋನಿನ್ಯಾಗ ನೀಲಿ ಬಣ್ಣದ ಕೀಲಿ ಚಿತ್ರ ಐತಿ ನೋಡು. ಅದನ್ನ ಒತ್ತು. ಆರು ಅಂಕಿ ಕಾಣತಾವು, ಓದು.”

ಓದಿದೆ. ತಪ್ಪು ಎಂದು ಬಂತಂತೆ. ಅಂಕಿಗಳ ಪಕ್ಕದಲ್ಲಿ ಒಂದು ಚಕ್ರ ಇದೆ, ಅರ್ಧ ನಿಮಿಷಕ್ಕೆ ಕರಗಿ ಹೋಗುತ್ತದೆ, ಆಮೇಲೆ ಬೇರೆ ಆರು ಅಂಕಿ. ಅವನ್ನೂ ಓದಿದೆ. ತಪ್ಪು. ಐದು ಸಲ ಆದಮೇಲೆ ಆ ಕಡೆಯಿಂದ ಇನ್ನೊಂದು ತಾಸು ಕಾಯಿರಿ ಎಂದು ಬಂತಂತೆ.

ಏನಿದು ಎಂದು ಕೇಳಿದ್ದಕ್ಕೆ ಹೇಳಿದಳು. ಪಾಸ್‌ವರ್ಡ್ ಮ್ಯಾನೇಜರ್ ಅಂತ ಇರುತ್ತದಂತೆ. ಅವಳ ಎಲ್ಲ ಪಾಸ್‌ವರ್ಡುಗಳೂ ಅದರಲ್ಲಿ ಇವೆ. ಒಂದೊಂದೂ ಮೊಳದುದ್ದ, ಯಾರಿಗೂ ನೆನಪಿರುವಂಥವಲ್ಲ.

“ತಿಜೋರಿ ಇದ್ದಂಗವ್ವಾ. ಹೊಸ ಫೋನಿನ್ಯಾಗ ತಿಜೋರಿ ತೆಗೀಬೇಕಂದ್ರ ಹಳೇ ಫೋನು ಹೌದು ಅನಬೇಕು. ಉಳಿದಿದ್ದೆಲ್ಲಾ ತಗದೆ, ಈ ಕೋಡ್ ಕೊಡೂ ಆ್ಯಪ್ ಮಾತ್ರ ಅಲ್ಲೇ ಮರತೆ.”

“ಅಂದ್ರ ನಾ ಹೌದು ಅನಬೇಕು?”

“ನೀ ಅಲ್ಲವ್ವಾ. ಫೋನು.”

ಇರಲಿ. ಫೋನು ನನ್ನ ಕೈಯಲ್ಲಿದೆ ತಾನೇ.

ಜೂನ್ ೮, ರವಿವಾರ

ಮೂರು ಸಲ ಫೋನು. ಮೂರು ಸಲವೂ ತಪ್ಪು. ಮೂರನೆಯ ಸಲ ಹಿಂದಿನಿಂದ ವಿಜಯಶ್ರೀಯ ದನಿ ಕೇಳಿತು.

“ಪಿಂಕಿ, ಅಕ್ಕಾರು ಗಡಿಬಿಡ್ಯಾಗ ಒಂಬತ್ತಕ್ಕ ಆರು ಅಂತ ಓದಾಕತ್ತಿಲ್ಲ ಹೌದಿಲ್ಲ?”

ನಾನು ಸೇಡಂ ಕನ್ಯಾ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮೊದಲನೆಯ ದರ್ಜೆಯಲ್ಲಿ ಪಾಸಾದವಳು. ಗಣಿತಕ್ಕೆ ಎಂಬತ್ತೊಂದು. ಅದನ್ನು ಫೋನಿನಲ್ಲೇ ಹೇಳಿದೆ.

ಇನ್ನೊಂದು ರಗಳೆ ಇದೆ. ಇಂಥ ಹೊತ್ತಿಗೆಂದೇ ತಿಜೋರಿಯವರು ಮೊದಲ ದಿನ ಒಂದು ಗುಪ್ತ ಸಂಖ್ಯೆ ಬರೆದಿಟ್ಟುಕೊಳ್ಳಲು ಹೇಳಿದ್ದರಂತೆ. ಪಿಂಕಿ ಅದನ್ನು ಕಾಲೇಜಿನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿದ್ದಳು. ಆ ನೋಟ್‌ಬುಕ್ಕುಗಳನ್ನೆಲ್ಲ ನಾನು ಮೇ ತಿಂಗಳಲ್ಲಿ ರದ್ದಿಯವನಿಗೆ ಹಾಕಿದ್ದೆ. ‘ನನ್ನ ಕೇಳಬೇಕಿತ್ತವ್ವಾ’ ಎಂದಳು. ಎರಡು ವರ್ಷ ಮಂಚದ ಕೆಳಗೆ ಬಿದ್ದಿದ್ದನ್ನು ಯಾರನ್ನು ಕೇಳುವುದು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಜೂನ್ ೧೧, ಬುಧವಾರ

ಕಾರಹುಣ್ಣಿಮೆ. ಕರಿಗಡಬು ಮಾಡಿದೆ. ಪಿಂಕಿ ಬರಲಿಲ್ಲ. ಅವಳ ಕಾಕಿ ವಿಜಯಶ್ರೀ ಆನ್‌ಲೈನಿನಲ್ಲಿ ಏನೋ ತರಿಸಿದಳಂತೆ. ಇವರು ಎಂಟು ಕರಿಗಡಬು ತಿಂದು ಮಲಗಿದರು.

ಏಳಕ್ಕೆ ಫೋನು ಬಂತು. ಈಗ ದಿನವೂ ಏಳಕ್ಕೇ ಬರುತ್ತದೆ. ಅಂಕಿ ಓದುವುದು, ತಪ್ಪಾಗುವುದು, ಆಮೇಲೆ ಅವಳು ಒಂದಿಷ್ಟು ಅಳುದನಿ ತೆಗೆಯುವುದು. ಇಷ್ಟು ಅವಸರ ಯಾಕೆಂದು ಇವತ್ತು ಬಾಯಿ ಬಿಟ್ಟಳು. ಪುಣೆಯ ಒಂದು ಸಂಸ್ಥೆಯಲ್ಲಿ ಎಂ.ಎಸ್ಸಿಗೆ ಅರ್ಜಿ ಹಾಕಿದ್ದಾಳೆ, ಲಸಿಕೆಗಳ ಬಗ್ಗೆ ಓದುವುದು. ಇಡೀ ದೇಶಕ್ಕೆ ನಲವತ್ತೇ ಸೀಟು. ಪರೀಕ್ಷೆ ಇಪ್ಪತ್ತೊಂಬತ್ತಕ್ಕೆ ಪುಣೆಯಲ್ಲಿ. ಹಾಲ್ ಟಿಕೆಟ್ಟನ್ನು ಇಪ್ಪತ್ನಾಲ್ಕರ ಸಂಜೆ ಐದರೊಳಗೆ ತೆಗೆದುಕೊಳ್ಳಬೇಕು. ಅದರ ಪಾಸ್‌ವರ್ಡ್ ತಿಜೋರಿಯಲ್ಲಿದೆ. ಮರೆತಿದ್ದೇನೆ ಎಂದರೆ ಹಳೆಯ ಮೇಲ್‌ಗೆ ಕಳಿಸುತ್ತಾರೆ. ಆ ಮೇಲ್‌ನ ಪಾಸ್‌ವರ್ಡೂ ತಿಜೋರಿಯಲ್ಲೇ ಇದೆ. ಕೀಲಿಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

“ಪುಣೆಕ್ಕ ಅರ್ಜಿ ಹಾಕಿದ್ದು ನನಗ ಯಾಕ ಹೇಳಲಿಲ್ಲ?”

“ಕಾಕಿಗೆ ಹೇಳಿದ್ದೆ. ನಿನಗೂ ಹೇಳಾಕಿ ಇದ್ದೆ.”

ಇದ್ದಳಂತೆ.

ಜೂನ್ ೧೫, ರವಿವಾರ

ಫೋನು ತೆಗೆದುಕೊಂಡು ನಾನೇ ಬರುತ್ತೇನೆ ಎಂದು ಹೇಳಿ ಮಾದಾಪುರಕ್ಕೆ ಹೋದೆ. ಶೇಂಗಾ ಹೋಳಿಗೆ, ಕಡಕ್ ರೊಟ್ಟಿ, ಪುಂಡಿಪಲ್ಯೆ ಕಟ್ಟಿಕೊಂಡಿದ್ದೆ.

ಏಳನೆಯ ಮಹಡಿ. ಪಿಂಕಿಗೆ ಒಂದು ಇಡೀ ಕೋಣೆ ಕೊಟ್ಟಿದ್ದಾರೆ. ಕಿಟಕಿಗೆ ಗಿಳಿಹಸಿರು ಪರದೆ. ಗಿಳಿಹಸಿರು ಅವಳಿಗೆ ಸೇರುತ್ತದೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅವಳು ಹಾಲ್‌ನಲ್ಲಿ ಹಾಸಿಗೆ ಬಿಡಿಸಿ ಮಲಗುತ್ತಿದ್ದಳು, ಒಂದು ದಿನವೂ ಏನೂ ಅಂದಿರಲಿಲ್ಲ.

ವಿಜಯಶ್ರೀ ಕೈಯೊಡ್ಡಿದಳು. “ಫೋನ್ ಕೊಡ್ರಿ ಅಕ್ಕಾರ, ನಾ ಒಂದೀಟು ನೋಡ್ತೀನಿ.”

“ಬ್ಯಾಡ. ನಾನ ಓದ್ತೀನಿ.”

ಕೊಡಲಿಲ್ಲ. ಮಗಳನ್ನು ಕೊಟ್ಟಾಗಿದೆ, ಫೋನನ್ನೂ ಕೊಡಬೇಕೇ? ಮುಷ್ಟಿಯಲ್ಲಿ ಹಿಡಿದು ಒಂದೊಂದೇ ಅಂಕಿ ಬಿಡಿಬಿಡಿಯಾಗಿ ಓದಿದೆ. ತಪ್ಪು. ವಿಜಯಶ್ರೀ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಆಮೇಲೆ ಹೋಗಿ ಸೋಫಾದ ಮೇಲೆ ಕೂತು, “ಆ್ಯಪಿನ ತೊಂದ್ರಿ ಇರಬೇಕು ಬಿಡು ಪಿಂಕಿ. ಅವರಿಗೆ ಬರದು ಹಾಕೋಣು” ಎಂದಳು.

ಹದಿನಾಲ್ಕು ವರ್ಷ ಕಂಪ್ಯೂಟರ್ ಮುಂದೆ ಕೂತವಳಿಗೂ ಬಗೆಹರಿಯಲಿಲ್ಲ. ನನ್ನಿಂದ ಆಗದ್ದು ಅವಳಿಂದಲೂ ಆಗಲಿಲ್ಲ ಎಂದು ಮೆಟ್ರೋದಲ್ಲಿ ಉಪ್ಪಲ್ ಬರುವ ತನಕ ಹಾಯಾಗಿತ್ತು. ಪರೀಕ್ಷೆಯ ನೆನಪಾದದ್ದು ಮನೆಯ ಬೀಗ ತೆಗೆಯುವಾಗ.

ಜೂನ್ ೧೭, ಮಂಗಳವಾರ

ಮೆಟ್ರೋ ಕಂಬದ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ರವಿಶಂಕರ್ ಬಳಿಗೆ ಹೋದೆ. ತೆಲುಗಿನವರು, ನನ್ನ ಜೊತೆ ಹಿಂದಿಯಲ್ಲೇ ಮಾತು. ಫೋನು ತಿರುಗಿಸಿ ನೋಡಿ ಗೋಡೆ ಗಡಿಯಾರ ನೋಡಿದರು.

“ಅಮ್ಮಾ, ಟೈಮ್ ಗಲತ್ ಹೈ ಆಪ್ ಕಾ.”

ನನ್ನ ಫೋನಿನ ಸಮಯವೇ ತಪ್ಪಂತೆ. ಅವರು ಹೇಳಿದ್ದು ಇಷ್ಟು. ಆ ಆರು ಅಂಕಿ ಹುಟ್ಟುವುದೇ ಗಡಿಯಾರದಿಂದ. ಈ ಫೋನು ಹತ್ತು ನಿಮಿಷ ಆಮೇಲೆ ಹೇಳಬೇಕಾದ ಅಂಕಿಯನ್ನು ಈಗಲೇ ಹೇಳುತ್ತಿದೆ, ಆ ಕಡೆಯವರು ಒಪ್ಪುತ್ತಿಲ್ಲ. ಫೋನಿನ ಸಮಯವನ್ನು ತನ್ನಷ್ಟಕ್ಕೆ ತಾನು ಸರಿಯಾಗುವ ಹಾಗೆ ಬಿಟ್ಟರೆ ಆಯಿತು. ಎಲ್ಲಿ ಒತ್ತಬೇಕೆಂದು ತೋರಿಸಿ, ಸರಿ ಮಾಡಿ ಕೊಟ್ಟರು. “ಈಗ ಕೂತುರಿಗೆ ಫೋನ್ ಮಾಡಿ” ಎಂದರು, ಮಗಳು ಎನ್ನುವುದಕ್ಕೆ ಮಾತ್ರ ತೆಲುಗು.

ಓಡಿಬಂದೆನೆಂದರೆ ಸುಳ್ಳಲ್ಲ. ಮಗಳು ಪಾಳಿ ಮುಗಿಸಿ ಮಲಗಿರುತ್ತಾಳೆ, ಏಳಕ್ಕೆ ಅವಳೇ ಮಾಡುತ್ತಾಳೆ, ಆಗ ಹೇಳೋಣ ಎಂದು ಕಾದೆ. ವಿಜಯಶ್ರೀಗೆ ಹೊಳೆಯದ್ದು ನನಗೆ ಸಿಕ್ಕಿತಲ್ಲ! ಕಾಳು ಸೋಸುತ್ತ ಆ ಮಾತನ್ನು ಹೇಗೆ ಹೇಳಬೇಕೆಂದು ನಾಲ್ಕು ರೀತಿ ಹೇಳಿ ನೋಡಿದೆ.

ಆಮೇಲೆ ಇನ್ನೊಂದು ಹೊಳೆಯಿತು. ಇವತ್ತು ತಿಜೋರಿ ತೆಗೆದರೆ ನಾಳೆ ಏಳಕ್ಕೆ ಅವಳು ಯಾಕೆ ಫೋನು ಮಾಡುತ್ತಾಳೆ?

ಇವರು ಬಂದರು. ಕೈಕಾಲು ತೊಳೆದು ಫೋನು ನೋಡಿ, “ಏ, ನಿನ್ನ ಫೋನು ಹಿಂದ ಬಿದ್ದೈತಲ್ಲ” ಎಂದರು. ಮಾಡುತ್ತೇನೆ ಬಿಡಿ ಎಂದೆ. ರವಿಶಂಕರ್ ತೋರಿಸಿದ ಜಾಗದಲ್ಲೇ ಒತ್ತಿ ಹತ್ತು ನಿಮಿಷ ಮುಂದೆ ಮಾಡಿದೆ. ಇವರಿಗೆ ಬಸ್ಸು ತಪ್ಪಬಾರದಲ್ಲ.

ಏಳಕ್ಕೆ ಪಿಂಕಿ ಮಾಡಿದಳು. ಓದಿದೆ. ತಪ್ಪು ಎಂದಿತು. ನಾನು ಓದಿದ್ದು ಫೋನಿನಲ್ಲಿ ಇದ್ದದ್ದನ್ನೇ. ಒಂದಂಕಿಯೂ ಸುಳ್ಳಲ್ಲ.

ಜೂನ್ ೧೮, ಬುಧವಾರ

ಇಪ್ಪತ್ತಾರು ನಿಮಿಷ ಮಾತಾಡಿದೆವು. ಅಂಕಿಗೆ ಎರಡು ನಿಮಿಷ, ಉಳಿದದ್ದು ನಮ್ಮದು. ಲ್ಯಾಬಿಗೆ ಬಂದ ಮುದುಕಿಯೊಬ್ಬಳು ಸೂಜಿ ಚುಚ್ಚುವ ತನಕ ಜೋರಾಗಿ ಭಜನೆ ಹೇಳಿದಳಂತೆ, ಪಿಂಕಿಯೂ ತಾಳ ಹಾಕಬೇಕಾಯಿತಂತೆ. ನಕ್ಕು ನಕ್ಕು ಸಾಕಾಯಿತು. ಒಂದು ದಿನ ಎರಡು ಸೀಸೆಗಳ ಚೀಟಿ ಅದಲುಬದಲು ಮಾಡಿದ್ದಳಂತೆ, ಸುಗಲಮ್ಮ ಎಂಬ ಹಿರಿಯ ನರ್ಸು ಹೊತ್ತಿಗೆ ಸರಿಯಾಗಿ ನೋಡಿ ಉಳಿಸಿದಳಂತೆ.

“ಕಾಕಿಗೆ ಹೇಳಬ್ಯಾಡವ್ವಾ. ನಿನಗ ಅಷ್ಟ ಹೇಳೀನಿ.”

ನಿನಗ ಅಷ್ಟ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕೆನಿಸಿತು.

ಜೂನ್ ೧೯, ಗುರುವಾರ

ಮೂವತ್ತೊಂದು ನಿಮಿಷ.

ಜೂನ್ ೨೦, ಶುಕ್ರವಾರ

ಇವತ್ತು ಅಂಕಿ ಓದುವಾಗ ನಾಲಿಗೆ ಸ್ವಲ್ಪ ತಡವರಿಸಿತು. ‘ಆರಾಮಿಲ್ಲೇನವ್ವಾ?’ ಎಂದು ಕೇಳಿದಳು. ಈ ಹುಡುಗಿ ನನ್ನ ಆರಾಮ ಕೇಳಿ ಎಷ್ಟು ದಿನವಾಗಿತ್ತು. ತಿಜೋರಿಯವರಿಗೆ ಬರೆದು ಹಾಕಿದ್ದಕ್ಕೆ ಉತ್ತರ ಬಂದಿದೆಯಂತೆ, ಹದಿನಾಲ್ಕು ದಿನ ಬೇಕಂತೆ ಅವರಿಗೆ.

ಇನ್ನೂ ನಾಲ್ಕು ದಿನ ಇದೆ. ನಾಳೆ ಸರಿ ಮಾಡಿಬಿಡುತ್ತೇನೆ. ಒಂದು ಗುಂಡಿ ಒತ್ತುವ ಕೆಲಸ.

ಜೂನ್ ೨೧, ಶನಿವಾರ

ನಾಳೆ.

ಜೂನ್ ೨೨, ರವಿವಾರ

ಏಳಕ್ಕೆ ಮಾಡಲಿಲ್ಲ. ಎಂಟಕ್ಕೆ ನಾನೇ ಮಾಡಿದೆ. ಅಂಕಿ ಓದಲೇ ಎಂದು ಕೇಳಿದೆ.

“ಬಿಡವ್ವಾ. ದಿನಾ ನಿನಗೂ ತ್ರಾಸು.”

“ನನಗೇನು ತ್ರಾಸಿಲ್ಲ.”

“ನನ್ನ ಹಣೇಬರಾನ ಇಷ್ಟ ಅನಸತದ.”

ಇಷ್ಟೇ ಮಾತು. ಇಪ್ಪತ್ತೆರಡು ವರ್ಷದ ಹುಡುಗಿಯ ಬಾಯಲ್ಲಿ ಬರುವ ಮಾತಲ್ಲ ಅದು.

ಜೂನ್ ೨೩, ಸೋಮವಾರ

ಶಾಂತಕುಮಾರ ಇವರಿಗೆ ಫೋನು ಮಾಡಿದ್ದನಂತೆ. ಊಟಕ್ಕೆ ಕೂತು ಇವರು ಸಲೀಸಾಗಿ ಹೇಳಿದರು. ಪುಣೆಯ ವಿಚಾರ ಬಿಟ್ಟುಬಿಟ್ಟಿದ್ದಾಳೆ, ಲ್ಯಾಬಿನವರು ಇನ್ನೊಂದು ವರ್ಷ ಇರು ಎಂದಿದ್ದಾರೆ, ಅಲ್ಲೇ ಕಾಕಾನ ಮನೆಯಲ್ಲೇ ಇರುತ್ತಾಳೆ. “ವಿಜಯಾ ಆಕಿ ಖೋಲಿಗೆ ಹೊಸಾ ಮಂಚ ತರಸಾಕತ್ಯಾಳಂತ.”

ಇವರಿಗೆ ಮತ್ತೆ ರೊಟ್ಟಿ ಬಡಿಸಿದೆನೋ ಇಲ್ಲವೋ ನೆನಪಿಲ್ಲ. ಮಗಳ ಓದು ಹಾಳಾಯಿತೆಂದು ಎದೆ ಒಡೆಯಿತೋ, ಆ ಮಂಚದ ಮಾತು ಕೇಳಿ ಒಡೆಯಿತೋ, ದೇವರಾಣೆ ನನಗೆ ಗೊತ್ತಿಲ್ಲ. ನನ್ನ ಕೈಯಾರೆ ಮಗಳನ್ನು ಎತ್ತಿ ಅವಳ ಮಡಿಲಲ್ಲಿ ಹಾಕಿದ ಹಾಗಾಯಿತು. ಆರು ದಿನ ಮಾತು ಸಿಕ್ಕಿತೆಂದು ಒಂದು ವರ್ಷ ಬಿಟ್ಟುಕೊಟ್ಟೆ. ಅವಳ ಮಟ್ಟಿಗಾದರೆ ಒಂದು ವರ್ಷವೋ ಇಡೀ ಬದುಕೋ.

ಜೂನ್ ೨೪, ಮಂಗಳವಾರ

ಎಲ್ಲವನ್ನೂ ಬರೆಯುತ್ತೇನೆ.

ಇವರು ಬಸ್ಸಿಗೆ ಹೋದ ಕೂಡಲೇ ಫೋನಿನ ಸಮಯ ಸರಿ ಮಾಡಿದೆ. ಧೈರ್ಯ ಮಾಡಿ ಪಿಂಕಿಗೆ ಫೋನು ಹಚ್ಚುವಷ್ಟರಲ್ಲಿ ಏಳು ದಾಟಿತ್ತು, ಎತ್ತಲಿಲ್ಲ. ಪಾಳಿಯ ಹೊತ್ತಿನಲ್ಲಿ ಅವರ ಫೋನುಗಳನ್ನು ಕಪಾಟಿನಲ್ಲಿ ಇಡಿಸುತ್ತಾರೆ. ಹತ್ತಕ್ಕೆ ಮಾಡಿದೆ, ಹನ್ನೊಂದಕ್ಕೆ ಮಾಡಿದೆ. ಮನೆಯಲ್ಲಿ ಕೂರಲಾಗದೆ ಮೆಟ್ರೋ ಹತ್ತಿದೆ.

ವಿಜಯಶ್ರೀ ಮನೆಯಿಂದಲೇ ಕೆಲಸ ಮಾಡುವ ದಿನ ಇವತ್ತು. ಬಾಗಿಲು ತೆಗೆದು, “ಬರ್ರಿ ಅಕ್ಕಾರ” ಎಂದಳು. ಯಾಕೆ ಬಂದಿರಿ ಎನ್ನಲಿಲ್ಲ. ಊಟ ಮಾಡಿರಿ ಎಂದಳು, ನಾನು ಒಲ್ಲೆ ಎಂದೆ. ಪಿಂಕಿಯ ಕೋಣೆಯಲ್ಲಿ ಮಂಚದ ಹಲಗೆಗಳು ಗೋಡೆಗೆ ಒರಗಿ ನಿಂತಿದ್ದವು, ಇನ್ನೂ ಜೋಡಿಸಿರಲಿಲ್ಲ.

ಮೂರಕ್ಕೆ ಪಿಂಕಿ ಬಂದಳು. ಚಪ್ಪಲಿ ಬಿಡುವ ಮೊದಲೇ ಹೇಳಿದೆ.

“ನಿನ್ನ ಫೋನು ತಗಿ. ನಾ ಓದ್ತೀನಿ.”

“ಅವ್ವಾ, ಸಾಕಿನ್ನ.”

“ಇದೊಂದು ಸಲ.”

ಓದಿದೆ. ನಾಲ್ಕು, ಸೊನ್ನೆ, ಏಳು, ಏಳು, ಒಂದು, ಒಂಬತ್ತು. ಪಿಂಕಿ ಒತ್ತಿದಳು. ಪರದೆಯನ್ನೇ ನೋಡುತ್ತ ನಿಂತಳು. “ಬಂತು” ಎಂದಳು, ದನಿಯೇ ಇಲ್ಲದ ದನಿಯಲ್ಲಿ. ಆಮೇಲೆ ಬೆರಳು ಎಷ್ಟು ಬೇಗ ಆಡಿದವೆಂದರೆ ನನಗೇನೂ ಕಾಣಲಿಲ್ಲ. ಐದು ನಿಮಿಷದಲ್ಲಿ ಹಾಲ್ ಟಿಕೆಟ್ ಅವಳ ಫೋನಿನಲ್ಲಿತ್ತು. ಮಂದಾರ ಅಮರೇಶಪ್ಪ ಎಂದು ನಮ್ಮ ಪಿಂಕಿಯ ಪೂರ್ತಿ ಹೆಸರು, ಮೇಲೆ ಫೋಟೋ.

ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಅವಳೇ ಕೇಳಿದಳು.

“ಇಷ್ಟ ದಿನಾ ಬರದಿದ್ದು ಇವತ್ತ ಹೆಂಗ ಬಂತು?”

“ಗಡಿಯಾರ ತಪ್ಪಿತ್ತು. ನಿಮ್ಮಪ್ಪ ಹತ್ತು ನಿಮಿಷ ಮುಂದ ಇಟ್ಟಿದ್ರಲ್ಲ, ಅದಕ್ಕ. ಮೊಬೈಲ್ ಅಂಗಡಿಯವರು ಹೇಳಿದ್ರು.”

“ಇವತ್ತು ಹೇಳಿದ್ರೇನು?”

ಹೌದು ಎನ್ನಬೇಕೆಂದೇ ಇದ್ದೆ. ಅವಳ ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು.

“ಹದಿನೇಳಕ್ಕ ಹೇಳಿದ್ರು. ನಾನ ಸರಿ ಮಾಡಲಿಲ್ಲ.”

“ಯಾಕ?”

“ಸರಿ ಆದ್ರ ನೀ ಫೋನ್ ಮಾಡಂಗಿಲ್ಲ ಅಂತ.”

ಪಿಂಕಿ ಬೆರಳಲ್ಲಿ ದಿನ ಎಣಿಸಿದಳು. ಜಗಳ ಮಾಡುತ್ತಾಳೆಂದು ಕಾದೆ. “ನಾ ದಿನಾ ನಿನ್ನ ಮುಂದ ಅತ್ತೀನವ್ವಾ” ಎಂದಳು, ಅಷ್ಟೇ. ಚಪ್ಪಲಿ ಹಾಕಿಕೊಂಡೇ ಇದ್ದಳು, ಹಾಗೇ ಹಾಲ್ ಟಿಕೆಟ್ ಪ್ರಿಂಟ್ ಮಾಡಿಸಲು ಕೆಳಗೆ ಹೋದಳು.

ನಾನು ಅಡುಗೆಮನೆಗೆ ಹೋಗಿ ನೀರು ಕುಡಿದೆ. ವಿಜಯಶ್ರೀ ಹಿಂದೆಯೇ ಬಂದು ಫ್ರಿಜ್ಜಿನ ಪಕ್ಕದಲ್ಲಿ ನಿಂತಳು. ಈಗ ಇವಳ ಉಪದೇಶ ಕೇಳಬೇಕಲ್ಲ ಎಂದುಕೊಂಡೆ.

“ಅಕ್ಕಾರ, ನಾ ಹದಿನೈದಕ್ಕ ನೋಡಿದ್ದೆ.”

“ಏನ ನೋಡಿದ್ದಿ?”

“ನಿಮ್ಮ ಫೋನಿನ ಟೈಮು. ನೀವು ಓದೂಮುಂದ ಹೆಗಲ ಮ್ಯಾಲಿಂದ ಕಂಡಿತು. ನನ್ನ ಕೆಲಸಾನ ಅದು, ಕಾಣದ ಇರತದೇನ್ರಿ?”

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು.

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ಆಕಿ ಪುಣೆಕ್ಕ ಹೋಗ್ತಿದ್ಲು.”

ಅದರಲ್ಲೂ ನನಗಿಂತ ಎರಡು ದಿನ ಮುಂದೆ. ನನಗೆ ಮೊದಲು ಬಂದ ಸಿಟ್ಟು ಅದಕ್ಕೇ, ನಾಚಿಕೆಯಿಲ್ಲದೆ ಬರೆಯುತ್ತೇನೆ.

ಅವಳು ಸಿಂಕಿನ ನಲ್ಲಿ ನೋಡುತ್ತ ಮಾತಾಡಿದಳು. ಮದುವೆಯಾಗಿ ಹನ್ನೆರಡು ವರ್ಷ, ಸಂಜೆ ಮನೆಗೆ ಬಂದರೆ ಇಬ್ಬರೂ ಒಂದೊಂದು ಫೋನು ಹಿಡಿದು ಕೂರುತ್ತಾರಂತೆ. “ಮನ್ಯಾಗ ಒಬ್ಬರು ಕಾಕಿ ಅಂತ ಕೂಗಿದ್ರ ಹೆಂಗಿರತದ ಅಂತ ಒಂದ ತಿಂಗಳದಾಗ ರೂಢಿ ಆತ್ರಿ ನನಗ. ಏಳಾತಂದ್ರ ಆಕಿ ಬಾಗಲಾ ಹಾಕ್ಕೊಂಡು ನಿಮ್ಮ ಕೂಡ ನಕ್ಕೋತ ಕೂಡತಿದ್ಲು. ನಾ ಇಲ್ಲೇ ನಿಂತು ಕೇಳತಿದ್ದೆ. ನನಗೂ ಉರೀತಿತ್ರಿ.” ಆಮೇಲೆ ಮುಖ ತಿರುಗಿಸಿ, “ಆಕಿಗೆ ಹೇಳೂದಿದ್ರ ಹೇಳ್ರಿ” ಎಂದಳು.

ನಾನು ಬೈಯಲಿಲ್ಲ. ಬೈಯಲು ನನಗೆ ಬಾಯಿ ಎಲ್ಲಿತ್ತು?

ಪಿಂಕಿ ಹಾಳೆ ಹಿಡಿದುಕೊಂಡು ಬಂದಳು. ನನ್ನನ್ನು ದಾಟಿ ಹೋಗಿ, “ಕಾಕಿ, ಫೋಟೋ ಸರಿ ಬಂದೈತೇನು ನೋಡು” ಎಂದಳು. ವಿಜಯಶ್ರೀ ಹಾಳೆ ತೆಗೆದುಕೊಂಡಳು. ನನ್ನ ನಾಲಿಗೆಯ ತುದಿಗೆ ಬಂದಿತ್ತು ಮಾತು. ಒಂದೇ ಮಾತು. ಕುಕ್ಕರ್ ಕೂಗಿತು, ಹೋಗಿ ಆರಿಸಿದೆ.

ಜೂನ್ ೨೫, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ಹೂಕುಂಡದ ಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜೆ ಮಾಡಿದೆ. ಫೋನು ಇಲ್ಲ.

ಇಡೀ ದಿನ ಅದೇ ಯೋಚನೆ. ‘ನಿಮ್ಮ ಕಾಕಿಗೂ ಗೊತ್ತಿತ್ತು, ನನಗಿಂತ ಮೊದಲೇ’ ಎಂದು ಹೇಳಿದರೆ ಮುಗಿಯಿತು. ಮಂಚ, ಪರದೆ, ಹೊಸ ಫೋನು ಎಲ್ಲ ಒಂದೇ ಏಟಿಗೆ ಕೆಳಗೆ. ಎರಡು ಸಲ ಫೋನು ಕೈಗೆ ತೆಗೆದುಕೊಂಡೆ. ಮೆಸೇಜು ಬರೆದೂ ಬರೆದೆ, ಅಳಿಸಿದೆ. ವಿಜಯಶ್ರೀಯ ಮೇಲೆ ದಯೆ ಬಂತೆಂದು ಯಾರೂ ತಿಳಿಯಬೇಡಿ, ಬಂದಿಲ್ಲ. ಹುಡುಗಿ ನಾಲ್ಕು ದಿನಕ್ಕೆ ಪರೀಕ್ಷೆ ಬರೆಯುವವಳು. ಅವ್ವ ಹೀಗೆ ಮಾಡಿದಳು ಎಂಬುದೊಂದು ಸಾಕು ಅವಳಿಗೆ. ಒಬ್ಬರಾದರೂ ನೆಟ್ಟಗಿದ್ದಾರೆಂದು ತಿಳಿದುಕೊಂಡಿರಲಿ.

ಜೂನ್ ೨೭, ಶುಕ್ರವಾರ

ಸಿಕಂದರಾಬಾದ್ ಸ್ಟೇಷನ್ನಿಗೆ ಹೋಗಿದ್ದೆ. ಶಾಂತಕುಮಾರ ಜೊತೆಗೆ ಹೋಗುತ್ತಿದ್ದಾನೆ. ಪಿಂಕಿ ನನ್ನ ಕಾಲು ಮುಟ್ಟಿದಳು, ಕಾಕಿಯನ್ನು ತಬ್ಬಿಕೊಂಡಳು. ಕಾಲು ಮುಟ್ಟುವುದು ಪದ್ಧತಿ, ತಬ್ಬುವುದು ಪ್ರೀತಿ. ಹೊಟ್ಟೆ ಉರಿಯಿತು, ಸುಳ್ಳು ಬರೆಯುವುದಿಲ್ಲ.

ತಬ್ಬಿಕೊಂಡಾಗ ವಿಜಯಶ್ರೀ ಪಿಂಕಿಯ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಏನಾದರೂ ಅಂದುಬಿಡುತ್ತೇನೆಂದು ಕಾಯುವವರ ಹಾಗೆ. ನಾನು ಡಬ್ಬಿ ಎತ್ತಿ ಪಿಂಕಿಯ ಕೈಗೆ ಕೊಟ್ಟೆ. “ಚಪಾತಿ ಕಾಕಿ ಮಾಡಿದ್ದು, ಚಟ್ನಿಪುಡಿ ನಂದು. ಎರಡೂ ತಿನ್ನು” ಎಂದೆ.

ರೈಲು ಹೋದಮೇಲೆ ವಿಜಯಶ್ರೀ ಎರಡು ಚಹಾ ತಂದಳು. ಅವಳು ಕಾಫಿಯವಳು. ನಿಂತೇ ಕುಡಿದೆವು. ಚಹಾ ಕೆಟ್ಟದಾಗಿತ್ತು.

ಜುಲೈ ೧೮, ಶುಕ್ರವಾರ

ಪಿಂಕಿಗೆ ಸೀಟು ಸಿಕ್ಕಿತು. ಅಪ್ಪನಿಗೆ ಫೋನು ಮಾಡಿದಳು, ಅವರು ನನಗೆ ಕೊಟ್ಟರು. “ಅವ್ವಾ, ಸೀಟ್ ಬಂತು” ಎಂದಳು. ಆಮೇಲೆ, “ಆ ಕೋಡಿನ ಆ್ಯಪು ಈಗ ನನ್ನ ಫೋನಿನ್ಯಾಗ ಹಾಕ್ಕೊಂಡೀನಿ. ಇನ್ನ ನಿನಗ ತ್ರಾಸಿಲ್ಲ” ಎಂದಳು. ಸಿಟ್ಟು ಪೂರ್ತಿ ಹೋಗಿಲ್ಲ. ಹೋಗಲಿಕ್ಕೆ ನಾನು ಮಾಡಿದ್ದೇನು ಸಣ್ಣದೇ?

ಇನ್ನೂ ಆಫೀಸಿನಲ್ಲಿದ್ದ ವಿಜಯಶ್ರೀಗೆ ನಾನೇ ಫೋನು ಮಾಡಿ ಹೇಳಿದೆ. ಪಿಂಕಿ ಆಗಲೇ ಹೇಳಿರುತ್ತಾಳೆ ಎಂದುಕೊಂಡಿದ್ದೆ, ಹೇಳಿರಲಿಲ್ಲ. ಸುದ್ದಿ ನನಗೆ ಮೊದಲು ಬಂದಿತ್ತು. ಖುಷಿಯಾಗಬೇಕಿತ್ತು. ಅವಳು ಆ ಕಡೆ ಮೂಗೆಳೆಯುವ ಸದ್ದು ಕೇಳಿ, ಮಂಚ ಏನು ಮಾಡಿದಿ ಎಂದು ಕೇಳಿದೆ. ಜೋಡಿಸಿ ಹಾಕಿದ್ದೇನೆ, ರಜೆಗೆ ಬಂದಾಗ ಬೇಕಾಗುತ್ತದಲ್ಲ ಎಂದಳು. ಬೇಕಾಗುತ್ತದೆ ಎಂದೆ.

ಆಗಸ್ಟ್ ೧೦, ರವಿವಾರ

ಪಿಂಕಿ ಹಾಸ್ಟೆಲಿಗೆ ಹೋಗಿ ಎರಡನೆಯ ವಾರ. ರವಿವಾರ ಮಾಡುತ್ತೇನೆ ಎಂದಿದ್ದಳು. ಏಳಕ್ಕೆ ಫೋನು ಬಂತು, ಕೈ ಒರೆಸಿಕೊಂಡು ಓಡಿದೆ. ವಿಜಯಶ್ರೀ.

“ಅಕ್ಕಾರ, ಪಿಂಕಿ ಮಾಡಿದ್ಲೇನ್ರಿ?”

“ಇಲ್ಲ. ನಿನಗ?”

“ನನಗೂ ಇಲ್ರಿ. ಓದೂದು ಭಾಳ ಇರಬೇಕು.”

“ಇರಬೇಕು.”

ಅವಳು ಇಡಲಿಲ್ಲ, ನಾನೂ ಇಡಲಿಲ್ಲ. ಪುಂಡಿಪಲ್ಯೆಗೆ ನುಚ್ಚು ಎಷ್ಟು ಹಾಕುತ್ತೀರಿ ಎಂದು ಕೇಳಿದಳು, ಹೇಳಿದೆ. ಅವರ ಆಫೀಸಿನಲ್ಲಿ ಯಾರೋ ಗಾನವಿ ಎಂಬ ಮೈಸೂರಿನ ಹುಡುಗಿ ದಿನವೂ ಅವ್ವನ ಜೊತೆ ಜಗಳವಾಡುತ್ತಾಳಂತೆ, ಅದನ್ನು ಹೇಳಿದಳು. ನಲವತ್ತು ನಿಮಿಷವಾಯಿತು. ಹಾಲು ಉಕ್ಕಿತು, ಇವರು ಎದ್ದು ಹೋಗಿ ಆರಿಸಿದರು.

ಪಿಂಕಿ ನನಗೆ ಫೋನು ಮಾಡಲಿಲ್ಲವೆಂದು ಬೇಸರವಾಗಿತ್ತು. ವಿಜಯಶ್ರೀಗೂ ಮಾಡಿಲ್ಲ ಎಂದು ಕೇಳಿ, ಯಾಕೋ, ಇನ್ನೂ ಬೇಸರವಾಯಿತು.